ಬಲಕ್ಕೆ ಹದಿನಾಲ್ಕು ಸುತ್ತು

"ಹಿಡೀರೋ ಅವನ್ನ! ಮುಸುಕಪ್ಪ! ಮುಸುಕಪ್ಪ!"

ನೀರಿನ ಸಾಹೇಬ ಮೆಟ್ಟಿಲಿಳಿದ ರಭಸಕ್ಕೆ ಒಂದು ಚಪ್ಪಲಿ ಮೇಲೇ ಉಳಿಯಿತು. ಕಚೇರಿಯ ಎದುರಿನ ಬಯಲಲ್ಲಿ ವಾಲ್ವಿನ ಗುಂಡಿಯ ಮುಚ್ಚಳ ಸರಿಸಿ ಒಬ್ಬ ಬಗ್ಗಿ ಕೂತಿದ್ದ. ತಲೆಗೆ ಹಿಟ್ಟಿನ ಚೀಲ, ಚೀಲಕ್ಕೆ ಕಣ್ಣಿನ ಎರಡು ತೂತು. ಸಾಹೇಬ ಬರುವುದನ್ನು ಕಂಡವನೇ ಆರಾಮಾಗಿ ಎದ್ದು, ಕೈಬೀಸಿ, ಗೋಡೆ ಹಾರಿದ.

ಬರದ ಮೂರನೇ ವರ್ಷ. ಇದ್ದ ಅಷ್ಟಿಷ್ಟು ನೀರನ್ನು ದಿನಕ್ಕೊಮ್ಮೆ, ಸಂಜೆ ಐದಕ್ಕೆ, ಟ್ಯಾಂಕಿನಿಂದ ಬಿಡುತ್ತಿದ್ದರು. ಅಲ್ಲಿಯವರೆಗೆ ಪೈಪುಗಳು ಖಾಲಿ. ಆ ನೀರು ತಗ್ಗಿನ ಕೆಳಗಿನ ಓಣಿಗೂ ದಿಣ್ಣೆಯ ಮೇಲಿನ ಕ್ಯಾನ್ ನೀರಿನ ಕಾರ್ಖಾನೆಗೂ ಹೋಗಬೇಕು. ಕಾರ್ಖಾನೆ ಸಾಹೇಬನ ಭಾವಮೈದುನನದು. ಓಣಿಯ ಪೈಪು ಸೋರುತ್ತಿದೆ ಎಂದು ಸುಳ್ಳು ವರದಿ ಬರೆದು, ಅದರ ವಾಲ್ವು ಬಂದ್ ಮಾಡಲು ಸಾಹೇಬ ತನ್ನ ಮೇಲಧಿಕಾರಿ ದೊಡ್ಡ ಮೇಡಂ ಅವರ ಸಹಿ ಹಾಕಿಸಿಕೊಂಡಿದ್ದ. ಆದೇಶಕ್ಕೆ ತನ್ನದೇ ಒಂದು ಸಾಲನ್ನೂ ಸೇರಿಸಿದ್ದ: ಯಾರ ಕೈಯಿಂದ ಓಣಿಗೆ ನೀರು ಹೋಗುತ್ತದೋ ಅವರು ಅಂದೇ ಕೆಲಸದಿಂದ ವಜಾ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಬೇಲಿಗೆ ಕಾನೂನು ಬೇರೆ ಬರುತ್ತಿತ್ತು.

ಸೋಮವಾರ, ಆದೇಶ ಕೈಗೆ ಬಂದ ದಿನ, ವಾಲ್ವು ನೋಡಿಕೊಳ್ಳುವ ಮುದುಕ ಕೈಮುಗಿದಿದ್ದ.

"ಸಾಹೇಬ್ರೇ, ಓಣಿಲಿ ಹೆರಿಗೆ ಆಸ್ಪತ್ರೆ ಇದೆ. ನನ್ನ ಸೊಸೆ ಅಲ್ಲೇ ಇದಾಳೆ, ಇವತ್ತೋ ನಾಳೆನೋ ಅನ್ನೋ ಹಾಗಿದೆ. ಗಿರಣಿ ಕೆಲಸದ ನನ್ನ ಮಗ ಕ್ಯಾನ್ ನೀರು ಎಲ್ಲಿಂದ ತರ್ತಾನೆ?"

"ಹೆರಿಗೇನ ಮಳೆಗಾಲಕ್ಕೆ ಮುಂದೂಡೋಕೆ ಹೇಳು," ಎಂದು ಸಾಹೇಬ ತನ್ನ ಮಾತಿಗೆ ತಾನೇ ನಕ್ಕಿದ್ದ. ಮುದುಕ ನಗಲಿಲ್ಲ. ಹೋಗಿ ಆದೇಶದಂತೆ ವಾಲ್ವು ಬಂದ್ ಮಾಡಿ, ದಾಖಲೆ ಪುಸ್ತಕದಲ್ಲಿ ಬರೆದು ಬಂದ.

ಮಂಗಳವಾರವೇ ಈ ಮುಸುಕಪ್ಪ ಪ್ರತ್ಯಕ್ಷ!

ಸಾಹೇಬ ಏದುಸಿರು ಬಿಡುತ್ತಾ ಗುಂಡಿಗಿಳಿದ. ಹನ್ನೊಂದು ವರ್ಷ ನೀರಿನ ಕಚೇರಿ ಆಳಿದವನು ವಾಲ್ವು ಮುಟ್ಟಿದ್ದು ಇದೇ ಮೊದಲು. ಚಕ್ರ ಹಿಡಿದು ಬಲಕ್ಕೆ ತಿರುಗಿಸಿದ. ತಿರುಗಿತು. ಮತ್ತೆ ತಿರುಗಿಸಿದ. ಮತ್ತೂ ತಿರುಗಿತು.

"ನೋಡೋ ಮುದಿಯಾ! ಪೂರ್ತಿ ಬಿಚ್ಚಿಟ್ಟಿದ್ದಾನೆ ಕಳ್ಳನನ್ಮಗ!"

"ಸಾಹೇಬ್ರೇ, ಇದು ಹಳೇ ಕಾಲದ ವಾಲ್ವು, ಇದರ ರೀತಿನೇ ಸ್ವಲ್ಪ..."

"ಬಾಯ್ಮುಚ್ಚು! ಓದಿದವನು ನಾನೋ ನೀನೋ?"

"ನೀವೇ ಸಾಹೇಬ್ರೇ," ಎಂದು ಮುದುಕ ಬಾಯಿ ಮುಚ್ಚಿದ.

ಹದಿನಾಲ್ಕು ಸುತ್ತು. ಚಕ್ರ ಬಿಗಿಯಿತು. ಸಾಹೇಬ ಮುಚ್ಚಳಕ್ಕೆ ತನ್ನದೇ ಬೀಗ ಜಡಿದು, ಬೀಗದ ಕೈ ಜೇಬಿಗಿಳಿಸಿ, ದಾಖಲೆ ಪುಸ್ತಕ ತರಿಸಿದ. "ಬರ್ಕೋ. ನಾನೇ ಕೈಯಾರೆ ಬಲಕ್ಕೆ ಹದಿನಾಲ್ಕು ಸುತ್ತು ತಿರುಗಿಸಿದ್ದೇನೆ. ನನ್ನ ಹೊರತು ಇನ್ನಾರೂ ಮುಟ್ಟುವಂತಿಲ್ಲ." ಮುದುಕ ಅಕ್ಷರ ಬಿಡದೆ ಬರೆದ. ಸಾಹೇಬ ಉದ್ದಕ್ಕೆ ಸಹಿ ಎಳೆದ.

ಐದೂಕಾಲಿಗೆ ಭಾವಮೈದುನನ ಫೋನು. "ಭಾವ, ನಮ್ಮ ಪೈಪಲ್ಲಿ ಬರೀ ಗಾಳಿ ಬರ್ತಿದೆ. ಕೆಳಗಿನ ಓಣಿಲಿ ಕೊಡ ತುಂಬಿ ಚೆಲ್ತಿದೆಯಂತೆ!"

ಸಾಹೇಬ ಗುಂಡಿಗೆ ಓಡಿದ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಚಕ್ರ ಬಲಕ್ಕೆ ಕೂದಲೆಳೆಯಷ್ಟೂ ಕದಲಲಿಲ್ಲ.

ಬುಧವಾರವೂ ಅದೇ ಕಥೆ. ನಾಲ್ಕಕ್ಕೆ ಮುಸುಕಪ್ಪ ಮುಚ್ಚಳದ ಮೇಲೆ ಕಾಲು ಚಾಚಿ ಕೂತು, ಸಾಹೇಬನಿಗೆ ಸಲಾಮು ಹೊಡೆದು ಗೋಡೆ ಹಾರಿದ. ಐದಕ್ಕೆ ಓಣಿಗೆ ನೀರು. ಬೀಗ ಭದ್ರ, ಚಕ್ರ ಬಿಗಿ. ಮುಸುಕಪ್ಪ ಕಬ್ಬಿಣದೊಳಗೇ ನುಗ್ಗುತ್ತಾನೆಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಸಾಹೇಬ ಅಷ್ಟು ದಡ್ಡನೇ?

"ಕಳ್ಳಕೀಲಿ ಇದೆ ಅವನ ಹತ್ರ! ಬಿಚ್ಚಿ ನೀರು ಬಿಡೋದು, ನಾನು ಬರೋದರೊಳಗೆ ಮತ್ತೆ ಮುಚ್ಚಿ ಹೋಗೋದು! ನನ್ನನ್ನ ಆಡಿಸ್ತಿದ್ದಾನೆ!" ಶುಕ್ರವಾರ ದೊಡ್ಡ ಮೇಡಂ ತಪಾಸಣೆಗೆ ಬರುವವರಿದ್ದರು. ಅಷ್ಟರಲ್ಲಿ ಇದು ನಿಲ್ಲದಿದ್ದರೆ ಕುರ್ಚಿ ಹೋದಂತೆಯೇ. ಗುರುವಾರ ಬೆಳಿಗ್ಗೆ ವೆಲ್ಡಿಂಗ್‌ನವನನ್ನು ಕರೆಸಿ, ಬಿಗಿದ ಚಕ್ರವನ್ನು ಇದ್ದಲ್ಲೇ ಬೆಸುಗೆ ಹಾಕಿಸಿದ. ಗುಂಡಿಗೆ ಕಾಂಕ್ರೀಟು ಸುರಿಸಿದ. ಅದಕ್ಕೂ ಪುಸ್ತಕದಲ್ಲಿ ಸಹಿ.

"ಈಗ ಬಾರೋ ಮುಸುಕಪ್ಪ!" ಎಂದು ಹಸಿ ಕಾಂಕ್ರೀಟಿಗೆ ಸವಾಲು ಹಾಕಿದ.

ಮುಸುಕಪ್ಪ ಬರಲಿಲ್ಲ. ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ನೀರು ಮಾತ್ರ ಐದಕ್ಕೆ ಸರಿಯಾಗಿ ಬಂತು.

ಶುಕ್ರವಾರ ಸಂಜೆ ದೊಡ್ಡ ಮೇಡಂ ಕೆಳಗಿನ ಓಣಿಯಲ್ಲಿ ನಿಂತಿದ್ದರು. ನಲ್ಲಿಗಳೆಲ್ಲ ಭೋರೆನ್ನುತ್ತಿದ್ದವು, ಎಲ್ಲೂ ಸೋರಿಕೆಯ ಸುಳಿವಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮುದುಕನ ಮಗ ಒಂದು ದಿನದ ಕೂಸನ್ನು ಎತ್ತಿಕೊಂಡು ನಿಂತಿದ್ದ. ಅವನ ಹುಬ್ಬಿನಲ್ಲಿ ಹಿಟ್ಟು ಮೆತ್ತಿತ್ತು. ಗಿರಣಿ ಕೆಲಸದವನ ಹುಬ್ಬಲ್ಲಿ ಹಿಟ್ಟಿರದೆ ಇನ್ನೇನಿದ್ದೀತು ಎಂದು ಸಾಹೇಬ ಅತ್ತ ತಿರುಗಿಯೂ ನೋಡಲಿಲ್ಲ.

"ಮುಸುಕಪ್ಪ ಮೇಡಂ! ಎಲ್ಲಾ ಅವನದೇ ಕೆಲಸ!" ಎಂದ.

ಮೇಡಂ ದಾಖಲೆ ಪುಸ್ತಕ ತೆರೆದರು. ಮಂಗಳವಾರದ ಪುಟವನ್ನು ಎರಡು ಸಲ ಓದಿದರು.

"ನಿಮ್ಮ ಹೊರತು ಇನ್ನಾರೂ ಮುಟ್ಟುವಂತಿಲ್ಲ ಅಂತ ನೀವೇ ಬರೆಸಿದ್ದೀರಲ್ಲ?" ಎಂದವರು ಮುದುಕನ ಕಡೆ ತಿರುಗಿದರು. "ಹಾಗಾದರೆ ಈ ವಾಲ್ವು ತೆಗೆದವರು ಯಾರಪ್ಪ?"

ಮುದುಕ ಕೈಕಟ್ಟಿ ನಿಂತ.

"ಅವತ್ತೇ ಹೇಳೋಕೆ ಹೋದೆ ಮೇಡಂ, ಬಾಯ್ಮುಚ್ಚು ಅಂದ್ರು: ಈ ಹಳೇ ವಾಲ್ವು ಎಡಕ್ಕೆ ತಿರುಗಿಸಿದ್ರೆ ಬಂದ್, ಬಲಕ್ಕೆ ತಿರುಗಿಸಿದ್ರೆ ಚಾಲೂ."