ಬೆಳಗಿನ ಅಳತೆ

ಅಳತೆಯ ದಿನ ಹರಿಹರದಲ್ಲಿ ಡ್ರೈವರುಗಳು ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ನಿದ್ದೆ ತಿಳಿದ ಹೊತ್ತಿಗೆ ಮನುಷ್ಯ ಒಂದಿಷ್ಟು ಉದ್ದವಿರುತ್ತಾನೆ, ನಡೆದಾಡಿದಂತೆ ಕುಗ್ಗುತ್ತಾನೆ ಎನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೇ ಸುಶೀಲ, ಬಸ್ಸು ಓಡಿಸುವ ಗಂಡ ಬಸವಲಿಂಗನನ್ನು ಚಾಪೆ ಸಮೇತ ಗೂಡ್ಸ್ ಆಟೊಗೆ ಹಾಕಿಸಿ ಆರೋಗ್ಯ ಕೇಂದ್ರಕ್ಕೆ ಕರೆತಂದಳು.

ಜಗುಲಿಯ ತುಂಬ ಜನ ಸಾಲಾಗಿ ಮಲಗಿದ್ದರು.

"ಏನ್ ಲಿಂಗಣ್ಣ, ಹೊಟ್ಟೆ ಎಲ್ಲಿ ಬಿಟ್ಟು ಬಂದೆ?" ಎಂದ ಪಕ್ಕದ ಚಾಪೆಯವನು.

"ಮನೇಲಿ ಐತೆ, ಹೋಗಿ ಹಾಕ್ಕಂತೀನಿ" ಎಂದ ಬಸವಲಿಂಗ.

ಸುಶೀಲ ನಗಲಿಲ್ಲ. ಹೋದ ವರ್ಷ ಅವಳ ಭಾವನೂ ಇಲ್ಲಿಗೆ ಮಲಗಿಯೇ ಬಂದು ಪಾಸಾಗಿದ್ದರು. ತಿಂಗಳೊಳಗೆ ಸ್ಟಿಯರಿಂಗ್ ಮುಂದೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಸರದಿ ಬಂದಾಗ ಬಸವಲಿಂಗ ಎದ್ದು ನಿಂತ. ನರ್ಸ್ ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಕತ್ತರಿಸಿ, ಎರಡಾಗಿ ಮಡಚಿ ಅವನ ಸೊಂಟಕ್ಕೆ ಸುತ್ತಿದಳು. ಸೊಂಟ ಎತ್ತರದ ಅರ್ಧ ಮೀರಿದರೆ ಎದೆಗೆ ಅಪಾಯ; ತುದಿಗಳು ಕೂಡದಿದ್ದರೆ ಹೊಟ್ಟೆ ಇಳಿಯುವ ತನಕ ಬಸ್ಸು ಮುಟ್ಟುವಂತಿಲ್ಲ. ಹೇಗೋ ಕೂಡಿದವು.

"ಪಾಸು" ಎಂದು ನರ್ಸ್ ಮುದ್ರೆ ಎತ್ತಿದಳು.

ಸುಶೀಲ ಅವಳ ಕೈ ಹಿಡಿದಳು. "ತಡೀರಿ ಸಿಸ್ಟರ್. ಸಂಜೆ ಅಳೀರಿ."

"ಸಂಜೆ ತುದಿ ಕೂಡಲ್ಲಮ್ಮ. ಕೆಲಸ ನಿಲ್ಲುತ್ತೆ."

"ಗೊತ್ತು."

"ತಲೆಗಿಲೆ ಕೆಟ್ಟೈತೇನೆ ನಿಂಗೆ?" ಎಂದು ಬಸವಲಿಂಗ ರೇಗಿದ.

ಅವಳು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಆಟೊ ಕಳಿಸಿದೀನಿ. ನಡೀರಿ, ನಡಕಂಡೇ ಹೋಗಾನ" ಎಂದಳು.