ಒಲ್ಲದ ಶಾಲು

ತಾಟಿನಲ್ಲಿದ್ದ ಶಾಲು ಕಣ್ಣಿಗೆ ಬಿದ್ದ ಕೂಡಲೇ ಕಾಲೆಬನಿಗೆ ಎಲ್ಲ ಅರ್ಥವಾಯಿತು. ಇವರು ತನ್ನನ್ನು ಕರೆಸಿದ್ದೇ ಮುಗಿಸುವುದಕ್ಕೆ.

ಶಾಲಿನ ಪಕ್ಕದಲ್ಲಿ ಹಣ್ಣಿನ ಬುಟ್ಟಿ, ಏಲಕ್ಕಿ ಹಾರ, ಗಾಜಿನ ಪೆಟ್ಟಿಗೆಯಲ್ಲೊಂದು ನೆನಪಿನ ಕಾಣಿಕೆ. ಆಡುತ್ತಿರುವವನಿಗೆ ಹುಬ್ಬಳ್ಳಿಯ ಜನ ಕಪ್ ಕೊಡುತ್ತಾರೆ, ಆಟ ಮುಗಿಸಿದವನಿಗೆ ಶಾಲು ಹೊದಿಸುತ್ತಾರೆ. ಇಷ್ಟು ತಿಳಿಯದ ದಡ್ಡನೇನಲ್ಲ ಅವನು.

ಕ್ಲಬ್ಬಿನ ಕಾರ್ಯದರ್ಶಿ ಆಶೀಷ್ ಒಂದು ಕಾಲಕ್ಕೆ ಇದೇ ಗೋಪನಕೊಪ್ಪದ ಮೈದಾನದಲ್ಲಿ ಅವನ ಜೊತೆ ಆಡಿದವನು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ರವಿವಾರ ಸಂಜೀಕ ಸಣ್ಣದೊಂದು ಕಾರ್ಯಕ್ರಮ ಐತಿ. ನೀ ಬರಾಕ ಬೇಕು. ನೀ ಇಲ್ಲಂದ್ರ ಈ ಕೆಲಸ ಆಗಂಗಿಲ್ಲ." ಯಾವ ಕೆಲಸ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದ.

ಆಟೋ ಕೈಕೊಟ್ಟು ಕಾಲೆಬ ತಡವಾಗಿ ಬಂದಿದ್ದ. ಸ್ವಾಗತ, ಹೂಗುಚ್ಛ ಎಲ್ಲ ಆಗಿಹೋಗಿತ್ತು. ವೇದಿಕೆಯ ಹಿಂದೆ ಬ್ಯಾನರ್. ಮೇಲೆ 'ಸನ್ಮಾನ ಸಮಾರಂಭ', ಕೆಳಗೆ ಎರಡು ಮುಖ. ಅವನದು ಬಾಗಿಲಗಲ. ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಫಕ್ರುಸಾಬರದು. ಅವನಿಗೆ ಚೆಂಡು ಒದೆಯುವುದನ್ನು ಕಲಿಸಿದ ಕೋಚ್ ಅವರು.

ಮಾಲ್ಡೀವ್ಸ್, ನೇಪಾಳ, ಭೂತಾನ, ಬಾಂಗ್ಲಾದೇಶ. ಒಂದೊಂದು ದೇಶದಲ್ಲಿ ಒಂದು ಸೀಸನ್, ಕೆಲವೊಮ್ಮೆ ಅರ್ಧ. ದೊಡ್ಡ ಕ್ಲಬ್ಬುಗಳೇನಲ್ಲ, ಹೆಸರು ಹೇಳಿದರೆ ಆ ಊರಿನವರೇ ತಲೆ ಕೆರೆದುಕೊಳ್ಳುವಂಥವು. ಥಿಂಫುವಿನ ಚಳಿಯಲ್ಲಿ ಮೂಗಿನಿಂದ ರಕ್ತ ಸೋರಿಸಿಕೊಂಡು ಆಡಿದ್ದ. ಮಾಲ್ಡೀವ್ಸಿನ ಮಾಲೆ ಪಟ್ಟಣದಲ್ಲಿ ತಿಂಗಳುಗಟ್ಟಲೆ ಬೆಂಚು ಕಾಯ್ದಿದ್ದ. ಆದರೂ ಪ್ರತಿ ವರ್ಷ ಎಲ್ಲಿಂದಲೋ ಯಾರೋ ಒಬ್ಬರು 'ಬಾ' ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ಬದುಕಿದ್ದ.

ಈ ಸಲ ಕರೆದದ್ದು ಕಾಂಬೋಡಿಯಾದ ಕ್ಲಬ್ಬು. ಅವನ ವಯಸ್ಸು ನೋಡಿ ಮೂಗು ಮುರಿದೇ ಒಪ್ಪಿದ್ದರು. ಸಹಿ ಇನ್ನೂ ಬಿದ್ದಿರಲಿಲ್ಲ. 'ಇವನ ಆಟ ಮುಗೀತು ಅನ್ನೋ ಒಂದು ಸುದ್ದಿ ಅವರ ಕಿವಿಗೆ ಬಿದ್ದರೂ ಸಾಕು, ಕೈ ಬಿಡ್ತಾರೆ' ಎಂದು ಏಜೆಂಟ್ ಎಚ್ಚರಿಸಿದ್ದ. ಮುಂದಿನ ಸಾಲಿನಲ್ಲಿ ಪತ್ರಿಕೆಯ ಫೋಟೋದವನು ಕ್ಯಾಮೆರಾ ಒರೆಸುತ್ತ ಕೂತಿದ್ದ. ಶಾಲು ಹೊದ್ದ ಒಂದೇ ಒಂದು ಫೋಟೋ ಫೋನಿನಿಂದ ಫೋನಿಗೆ ಹಾರಿದರೆ ಕಾಂಬೋಡಿಯಾ ಎಷ್ಟು ದೂರ?

ಮೈಕಿನ ಮುಂದೆ ಕ್ಲಬ್ಬಿನ ಅಧ್ಯಕ್ಷ ಮೈಲಾರಪ್ಪ ನಿಂತಿದ್ದರು. "ತಮ್ಮ ಹರೇನೆಲ್ಲಾ ಈ ಚೆಂಡಿಗೆ ಧಾರಿ ಎರದ್ರು. ಈಗ ಮಣಕಾಲು ಮಾತು ಕೇಳವಲ್ದು. ಭಾಳ ದಣದಾರ. ಹೊಸಬರಿಗೆ ಜಾಗಾ ಬಿಟ್ಟುಕೊಡೋದು ದೊಡ್ಡವರ ಗುಣ ಐತ್ರೀ."

ಚಪ್ಪಾಳೆ ಬಿತ್ತು. ಕಾಲೆಬನ ಎಡ ಮೊಣಕಾಲು ಚಳಕ್ಕೆಂದಿತು. ಮೊಣಕಾಲಿನ ವಿಷಯ ಇವರಿಗೆ ಊದಿದವರು ಯಾರು? ಹೊಗಳಿಕೆಯಂತೆ ಹೊಗಳಿಕೆ! ಬೆಣ್ಣೆಯಿಂದ ಕೂದಲು ತೆಗೆದಂತೆ ಮನುಷ್ಯನನ್ನು ಮೈದಾನದಿಂದ ತೆಗೆಯುವ ಕಲೆ ಇದು. ಅವನಿಗೆ ಸಿಟ್ಟು ನೆತ್ತಿಗೇರಿತು.

ಪಕ್ಕದ ಕುರ್ಚಿಯಲ್ಲಿ ಫಕ್ರುಸಾಬರು ತಲೆ ತಗ್ಗಿಸಿ ಕೂತಿದ್ದರು. ಗಂಜಿ ಹಾಕಿದ ಬಿಳಿ ಜುಬ್ಬಾ ತೊಟ್ಟಿದ್ದರು, ಅದು ಮೈಗೆ ಒಗ್ಗಿರಲಿಲ್ಲ. ಶಿಷ್ಯನ ಕೊನೆಯನ್ನು ಕಣ್ಣಾರೆ ನೋಡುವ ಕರ್ಮ ಯಾವ ಗುರುವಿಗೂ ಬೇಡ ಎನ್ನಿಸಿತು ಕಾಲೆಬನಿಗೆ. ಕೆಳಗೆ ಅವರ ಹೆಂಡತಿ ಶರೀಫಾಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂದೂ ಮೈದಾನಕ್ಕೆ ಕಾಲಿಡದ ಹೆಂಗಸು. ಚಿಕ್ಕಂದಿನಲ್ಲಿ ಎಷ್ಟೋ ಸಲ ಅವನಿಗೆ ಉಣ್ಣಲು ಬಡಿಸಿದ ಕೈ. ತನಗಾಗಿ ಮರುಗುವ ಒಂದು ಜೀವವಾದರೂ ಇದೆಯಲ್ಲ ಎಂದುಕೊಂಡ.

ಫಕ್ರುಸಾಬರು ತುಟಿ ಅಲುಗಿಸದೆ ಪಿಸುಗುಟ್ಟಿದರು. "ಮಂದಿ ಇಷ್ಟು ಪ್ರೀತಿಲೆ ಮಾಡಾಕತ್ತಾರ. ಒಲ್ಲೆ ಅಂತ ಹ್ಯಾಂಗ ಅನ್ನೂದಪ್ಪಾ?"

"ಹ್ಯಾಂಗಂದ್ರ? ಬಾಯಿ ತೆಗದು ಅನ್ನೂದ್ರಿ ಕಾಕಾ."

ಮುದುಕರು ಅವನನ್ನು ಒಂದು ನಮೂನೆ ನೋಡಿದರು.

"ಈಗ ಸನ್ಮಾನ. ಕಾಲೆಬ ಅವರು ಮುಂದಕ್ಕ ಬರಬೇಕು" ಎಂದು ಆಶೀಷ್ ಕೂಗಿದ. ಆಶೀಷನ ಮಗಳು ಜೆಸ್ಲಿನ್ ತಾಟು ತಂದು ಕಾಲೆಬನ ಎದುರು ಹಿಡಿದಳು. ಫೋಟೋದವನು ಎದ್ದು ನಿಂತ.

ಕಾಲೆಬ ತಾಟನ್ನು ಪಕ್ಕಕ್ಕೆ ಸರಿಸಿ ಮೈಕು ಕಸಿದುಕೊಂಡ.

"ತಪ್ಪು ತಿಳೀಬ್ಯಾಡ್ರಿ, ಈ ಶಾಲು ನಾ ಮುಟ್ಟಂಗಿಲ್ಲ. ಮಣಕಾಲು ನೋಯ್ತಾವ, ಖರೇ. ನೋಯೋದು ಆಡೋರಿಗೆ, ನಿಮಗೇನಲ್ಲ. ಆಟ ಮುಗೀತೋ ಇಲ್ಲೋ ಅಂತ ಕಟ್ಟಿ ಮ್ಯಾಲೆ ಕುಂತಾವ್ರು ಹೇಳೂದಲ್ಲ. ಹೊಸಬರಿಗೆ ಜಾಗಾ ಬೇಕಂದ್ರ ಬಯಲಿಗೆ ಬಂದು ಕಸಗೊಳ್ಳಲಿ. ಹೀಂಗ ಕುರ್ಚಿ ಹಾಕಿ, ಹಣ್ಣು ಕೊಟ್ಟು ಮನಿಗಿ ಕಳಸಬ್ಯಾಡ್ರಿ. ಕಾಲಾಗ ಕಸುವು ಇರೂತನಾ ಮೈದಾನ ಬಿಡೂ ಮಾತಿಲ್ಲ. ಬರಕೋರಿ, ನಾಳೆ ಪೇಪರಿನ್ಯಾಗ ಇದ ಬರ್ಲಿ!"

ಮೈಲಾರಪ್ಪನವರು ತೆರೆದ ಬಾಯಿ ಮುಚ್ಚಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವರು ಫಕ್ರುಸಾಬರು. ಎದ್ದು ನಿಂತು ತಟ್ಟಿದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಶಾಬಾಸ್ ಮಗನ! ನನ್ನ ಹೊಟ್ಟ್ಯಾಗಿನ ಮಾತು ಆಡಿದಿ!" ಜುಬ್ಬಾದ ತೋಳು ಮಡಚುತ್ತ ಮೆಟ್ಟಿಲಿಳಿದು ನೇರ ಮೈದಾನಕ್ಕೆ ನಡೆದರು. ಅಲ್ಲಿ ನಿಂತಿದ್ದ ಹುಡುಗರನ್ನು ಗದರುವ ಅವರ ದನಿ ಕೇಳಿತು: "ಏ, ಏನ ನೋಡ್ತೀರೋ? ಸಾಲಾಗಿ ನಿಂದರ್ರಿ!" ಕೆಳಗೆ ಶರೀಫಾಬಿ ಅಳುವುದನ್ನು ಬಿಟ್ಟು ನಗುತ್ತಿದ್ದರು.

ಕಾಲೆಬನ ಎದೆ ಉಬ್ಬಿತು. ಗುರು ಒಪ್ಪಿದ ಮೇಲೆ ಊರು ಒಪ್ಪಿದರೆಷ್ಟು, ಬಿಟ್ಟರೆಷ್ಟು!

ಆಶೀಷ್ ಮೈಕಿಗೆ ಕೈ ಅಡ್ಡ ಹಿಡಿದು ಅವನ ಕಿವಿಯ ಹತ್ತಿರ ಬಂದ. ಮುಖ ಬಿಳುಪೇರಿತ್ತು. "ಏನ ಮಾಡಿದ್ಯೋ ಕಾಲೆಬ! ನಿನಗ್ಯಾರು ಬಿಡು ಅಂದ್ರು? ನೀ ಇವತ್ತಿನ ಮುಖ್ಯ ಅತಿಥಿ. ಫಕ್ರುಸಾಬ ಕಾಕಾ ಯಾರು ಹೇಳಿದ್ರೂ ಕೋಚ್ ಕೆಲಸ ಬಿಡವಲ್ರು, ನೀ ಅವರಿಗೆ ಶಾಲು ಹೊಚ್ಚಿದ್ರ ಒಲ್ಲೆ ಅನ್ನಂಗಿಲ್ಲ ಅಂತ ನಿನ್ನ ಕರಸಿದ್ವಿ!"