ದೋಣಿಗೆಂದು ಉಳಿಸಿದ ನೀರು

"ಲೇ ಗುರುವಪ್ಪ, ಏರಿ ಪಕ್ಕದಲ್ಲೇ ಹೋಗ್ಬೇಕು. ನಡುಗೆರೆಗೆ ತಿರುಗಿಸಿದ್ಯೋ, ಚರ್ಮ ಸುಲೀತೀನಿ" ಎಂದು ಪಟೇಲ ವೆಂಕಟರಾಯಪ್ಪ ತೂಬು ಕಾಯುವ ನೀರಗಂಟಿಯ ಕಿವಿಯಲ್ಲಿ ಉಸುರಿ, ರುಮಾಲು ಸರಿಮಾಡಿಕೊಂಡು ದೋಣಿಯ ನಡುವೆ ಕೂತ. ಮುಂದೆ ಇಂಜಿನಿಯರ್ ಸಾಹೇಬರು ಆಗಲೇ ಬೂಟು ಬಿಚ್ಚಿ ಕಾಲು ಚಾಚಿದ್ದರು. ಯಲ್ದೂರಿನಾಚೆಯ ಈ ಕೆರೆಯ ಹೂಳು ಎತ್ತಿಸಬೇಕೋ ಬೇಡವೋ ನೋಡಿ ಬರೆಯಲು ಅವರು ಬಂದದ್ದು. ಅದಕ್ಕೆ ಬೇಕಾದ ಸಾಮಾನೆಲ್ಲ ತಂದಿದ್ದರು: ಮೋಟಾರಿನ ನೆತ್ತಿಗೆ ಕಟ್ಟಿದ ಕ್ಯಾನ್ವಾಸಿನ ಸೀಮೆದೋಣಿ, ಒಂದು ದಿಂಬು, ಬಿಸ್ಕತ್ತಿನ ಡಬ್ಬ.

"ಚಳಿ ಹೋದ್ಮೇಲೆ ಇದೇ ಮೊದಲ್ನೇ ಸಲ ದೋಣಿ ಇಳಿಸ್ತಿರೋದು, ಪಟೇಲರೇ. ಅವಸರ ಬೇಡ."

"ಅವಸರ ಯಾರಿಗಿದೆ ಸ್ವಾಮಿ!"

ಅವಸರವಿದ್ದದ್ದು ಪೈರಿಗೆ. ದೋಣಿ ತೇಲುವಷ್ಟು ನೀರಿರಲಿ ಎಂದು ಪಟೇಲ ಹನ್ನೆರಡು ದಿನದಿಂದ ತೂಬು ಮುಚ್ಚಿಸಿದ್ದ. ದೋಣಿ ಎಲ್ಲೂ ತಡೆಯದೆ ತೇಲಿ ಸಾಹೇಬರ ಮನಸ್ಸು ತಂಪಾದರೆ ಹೂಳೆತ್ತುವ ಮಂಜೂರಾತಿ ತಾನೇ ಬರುತ್ತದಂತೆ. ಅಲ್ಲಿಯವರೆಗೆ ಗುರುವಪ್ಪನ ತುಂಡು ಗದ್ದೆಯ ಭತ್ತ ಹಳದಿಗೆ ತಿರುಗಿಕೊಂಡು ಕಾಯಬೇಕು. ಮಂಜೂರಾತಿ ಬರದಿದ್ದರೆ ಮುಂದಿನ ಬೇಸಿಗೆಗೆ ಬಿತ್ತುವ ಕಷ್ಟವೂ ಇಲ್ಲ.

ಏರಿಯ ಪಕ್ಕದ ಆಳದಲ್ಲಿ ದೋಣಿ ನುಣ್ಣಗೆ ಜಾರಿತು. ಸಾಹೇಬರು ಎರಡೂ ತುದಿಗೆ ಹಲಗೆಯಿದ್ದ ಹುಟ್ಟನ್ನು ನಾಲ್ಕು ಸಲ ಆಡಿಸಿ, ದಣಿದು, ಪಟೇಲನ ರುಮಾಲಿನ ಮೇಲೆ ನೀರು ಸುರಿಸುತ್ತಾ ಅದನ್ನು ಹಿಂದೆ ಕೂತಿದ್ದ ಗುರುವಪ್ಪನಿಗೆ ದಾಟಿಸಿದರು. ಹೊಂಗೆಯ ಚಿಗುರು ನೋಡಿದರು, ಮಿಂಚುಳ್ಳಿ ನೋಡಿದರು, ಬಿಸ್ಕತ್ತು ತಿಂದರು. ನೀರಿನ ಕೆಳಗೆ ಏನಿದೆ ಎಂದು ಮಾತ್ರ ನೋಡಲಿಲ್ಲ. ಆಮೇಲೆ ಪುಸ್ತಕ ತೆಗೆದರು.

"ಏನ್ ಕೆರೆ ರೀ ಇದು! ಸಮುದ್ರ! ಹೂಳು ಎತ್ತಿಸೋ ಅಗತ್ಯವಿಲ್ಲ ಅಂತ ಬರೆದುಬಿಡ್ತೀನಿ. ಬರೋ ತಿಂಗಳು ಮನೆಯವರನ್ನೂ ಕರ್ಕೊಂಡು ಬರ್ತೀನಿ. ಒಂದು ಹನಿ ನೀರೂ ಕಮ್ಮಿ ಆಗಕೂಡದು."

"ಅಪ್ಪಣೆ ಸ್ವಾಮಿ" ಎಂದ ಪಟೇಲ. ದೊಡ್ಡವರ ಮುಂದೆ ಅವನಿಗೆ ಬೇರೆ ಮಾತೇ ಬರುತ್ತಿರಲಿಲ್ಲ.

"ಸ್ವಾಮಿ, ಹೂಳು..." ಗುರುವಪ್ಪ ಬಾಯಿ ತೆರೆದ.

"ಊರ್ಕೋರಾ!" ಎಂದು ಪಟೇಲ ತೆಲುಗಿನಲ್ಲಿ ಗದರಿ ಮೊಣಕೈಯಿಂದ ಹಿಂದಕ್ಕೆ ತಿವಿದ.

ಗುರುವಪ್ಪನ ಬಾಯಿ ಸುಮ್ಮನಾಯಿತು. ಹುಟ್ಟು ಸುಮ್ಮನಾಗಲಿಲ್ಲ. ಸಾಹೇಬರು ಕೊನೆಯ ಸಾಲಿಗೆ ಬರುವಷ್ಟರಲ್ಲಿ ದೋಣಿ ನಡುಗೆರೆಗೆ ಬಂದಿತ್ತು. ಅವನು ಹುಟ್ಟನ್ನು ದೋಣಿಯೊಳಗೆ ಎಸೆದು ನೀರಿಗೆ ಹಾರಿದ.

"ಅಯ್ಯೋ, ಮುಳುಗಿದ! ಹಿಡೀರಿ ಅವನ್ನ!" ಸಾಹೇಬರು ದೋಣಿಯ ಎರಡೂ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಕೆರೆಯ ನಟ್ಟನಡುವೆ ಗುರುವಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನೀರು ಅವನ ಮೊಣಕಾಲಿಗೆ ಬರುತ್ತಿತ್ತು.

ಸಾಹೇಬರು ಅವನ ಕಾಲು ನೋಡಿದರು, ತಾವು ಬರೆದದ್ದು ನೋಡಿದರು, ಪಟೇಲನ ಕಡೆ ತಿರುಗಿದರು.

"ಏನ್ರೀ ಇದು?"

ಪಟೇಲ ಕೂತಲ್ಲೇ ಕೈಮುಗಿದ. "ಒಳ್ಳೇ ಈಜುಗಾರ ಸ್ವಾಮಿ. ನಿಂತ ಹಾಗೇ ಈಜ್ತಾನೆ."